ಎಂ. ಗೋವಿಂದ ಪೈ

ಮಂಜೇಶ್ವರ ಗೋವಿಂದ ಪೈ (23 ಮಾರ್ಚ್ 1883 – 6 ಸೆಪ್ಟೆಂಬರ್ 1963) ಕನ್ನಡದ ಕವಿ, ಸಂಶೋಧಕ ಹಾಗೂ ಬಹುಭಾಷಾ ವಿದ್ವಾಂಸರು. ಇಂದಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಜನಿಸಿದರು. ಇವರ ಮನೆಮಾತು ಕೊಂಕಣಿ.

ಶಿಕ್ಷಣ ಮತ್ತು ಭಾಷಾಭ್ಯಾಸ

ಮಂಗಳೂರು ಮತ್ತು ಮದರಾಸುಗಳಲ್ಲಿ ವ್ಯಾಸಂಗ ಮಾಡಿದರು. ತಂದೆಯ ನಿಧನದಿಂದಾಗಿ ಬಿ.ಎ. ಪದವಿ ಪೂರ್ಣಗೊಳ್ಳಲಿಲ್ಲ. ಊರಿಗೆ ಮರಳಿದ ಪೈಯವರು ಮನೆಯಲ್ಲಿಯೇ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿ, ಸ್ವಾಧ್ಯಾಯದಿಂದ ಅನೇಕ ಭಾಷೆಗಳನ್ನು ಕಲಿತರು. ಸಂಸ್ಕೃತ, ಪಾಳಿ, ಬಂಗಾಳಿಗಳಲ್ಲದೆ ಫ್ರೆಂಚ್, ಗ್ರೀಕ್, ಲ್ಯಾಟಿನ್‌ಗಳೂ ಇವುಗಳಲ್ಲಿ ಸೇರಿವೆ. ಫ್ರೆಂಚ್ ಭಾಷೆಯನ್ನು ಪ್ರವಾಸದ ವ್ಯವಹಾರಕ್ಕಾಗಿ ಕಲಿಯುವವರು ಹಲವರು. ಪೈಯವರಿಗೆ ಅನ್ಯಭಾಷೆಗಳು ಓದು ಮತ್ತು ಸಂಶೋಧನೆಯ ಸಾಧನಗಳಾಗಿದ್ದವು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿನ ಕನ್ನಡ ಮಾತುಗಳ ಪ್ರಶ್ನೆಯನ್ನೂ ಅವರು ಚರ್ಚಿಸಿದ್ದಾರೆ.

ಸಾಹಿತ್ಯ ಮತ್ತು ಗೌರವ

1911ರಲ್ಲಿ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ತೊರೆದು ಕವಿತೆ ಬರೆದರು. ಕ್ರಿಸ್ತನ ಕೊನೆಯ ದಿನವನ್ನು ಚಿತ್ರಿಸುವ ‘ಗೊಲ್ಗೊಥಾ’ ಹಾಗೂ ಬುದ್ಧನ ಕೊನೆಯ ದಿನವನ್ನು ಚಿತ್ರಿಸುವ ‘ವೈಶಾಖಿ’ ಇವರ ಪ್ರಸಿದ್ಧ ಖಂಡಕಾವ್ಯಗಳು. 1949ರಲ್ಲಿ ಮದರಾಸು ಸರ್ಕಾರವು ‘ರಾಷ್ಟ್ರಕವಿ’ ಬಿರುದನ್ನು ನೀಡಿತು. 1951ರ ಮುಂಬಯಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವರ ಮಂಜೇಶ್ವರ ಕೇರಳಕ್ಕೆ ಸೇರಿತು; ಗಡಿನಾಡಿನ ಕನ್ನಡಿಗರಿಗೆ ಅವರ ಹೆಸರು ಇಂದಿಗೂ ಭಾಷಾಭಿಮಾನದ ಆಸರೆಯಾಗಿದೆ.