ಎಸೆದ ಚೆಂಡಿನ ಹಾದಿ

ಎಸೆದ ಚೆಂಡು ಬಾಗಿ ಇಳಿಯುವುದನ್ನು ಕಂಡಾಗಲೆಲ್ಲ ನನಗೆ ಗೆಲಿಲಿಯೋ ನೆನಪಾಗುತ್ತಾನೆ. 1564ರಲ್ಲಿ ಇಟಲಿಯ ಪೀಸಾದಲ್ಲಿ ಜನಿಸಿದ ಆತ, ಪದುವಾದಲ್ಲಿ ಗಣಿತದ ಅಧ್ಯಾಪಕನಾಗಿದ್ದಾಗ, 1608ರಲ್ಲಿ, ಇಳಿಜಾರಿನಲ್ಲಿ ಉರುಳಿಬಂದ ಗುಂಡು ಮೇಜನ್ನು ಬಿಟ್ಟು ಎಷ್ಟು ದೂರ ಬೀಳುವುದೆಂದು ಅಳೆದನು. ಮುಂದಕ್ಕೆ ಸಮವೇಗ, ಕೆಳಕ್ಕೆ ಕ್ಷಣಕ್ಷಣವೂ ಹೆಚ್ಚುವ ವೇಗ. ಇವೆರಡೂ ಕೂಡಿ ಹಾದಿಯು ಪರವಲಯವಾಗುವುದೆಂದು ಸಾಧಿಸಿದನು. ಗಾಳಿಯ ತಡೆಯನ್ನು ಬದಿಗಿಟ್ಟರೆ ಕ್ರಿಕೆಟ್ ಚೆಂಡಿಗೂ ಇದೇ ನಿಯಮ.

ಭೂಮಿ ಸೂರ್ಯನನ್ನು ಸುತ್ತುವುದೆಂಬ ಮತಕ್ಕಾಗಿ 1633ರಲ್ಲಿ ಧರ್ಮನ್ಯಾಯಾಲಯವು ಅವನನ್ನು ಶಿಕ್ಷಿಸಿತು. ಬಾಳಿನ ಕಡೆಯವರೆಗೂ ಗೃಹಬಂಧನ. ಆ ಬಂಧನದಲ್ಲಿಯೇ ಮುಗಿಸಿದ ಚಲನಶಾಸ್ತ್ರದ ಗ್ರಂಥವು, ಸ್ವದೇಶದಲ್ಲಿ ಅನುಮತಿಯಿಲ್ಲದೆ, 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಆ ವೇಳೆಗೆ ಆತ ಕುರುಡನಾಗಿದ್ದನು, 1642ರಲ್ಲಿ ತೀರಿಕೊಂಡನು. ಲೋಕಕ್ಕೆ ಚೆಂಡಿನ ಹಾದಿಯನ್ನು ತೋರಿದವನಿಗೆ ಅಚ್ಚಾದ ತನ್ನ ಗ್ರಂಥದ ಒಂದು ಪುಟವನ್ನೂ ಓದಲಾಗಲಿಲ್ಲವೆಂಬುದು ಇಂದಿಗೂ ನನ್ನ ಮನಸ್ಸನ್ನು ಕಲಕುತ್ತದೆ.