ಜಾನ್ ವೆಸ್ಲಿಯವರ ಸಂಚಾರವೂ ದೇಹಸಂರಕ್ಷಣೆಯೂ

ಸುವಾರ್ತೆಯ ನಿಮಿತ್ತವಾಗಲಿ ಜೀವನದ ನಿಮಿತ್ತವಾಗಲಿ ಊರೂರು ತಿರುಗುವವರು ಹೊತ್ತಿಗೆ ಊಟವಿಲ್ಲದೆ, ಸರಿಯಾದ ನಿದ್ರೆಯಿಲ್ಲದೆ ಮೈ ಕೆಡಿಸಿಕೊಳ್ಳುವುದನ್ನು ನಾವು ಬಲ್ಲೆವು. ಆದಕಾರಣ ಜಾನ್ ವೆಸ್ಲಿಯವರ ಚರಿತ್ರೆಯಿಂದ ಈ ಒಂದು ಸಂಗತಿಯನ್ನು ವಾಚಕರ ಮುಂದೆ ಇಡುತ್ತೇವೆ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಐಕ್ಯವಾದ ಮೈಸೂರು ಸೀಮೆಯ ಅನೇಕ ಸಭೆಗಳು ಮುಂಚೆ ಬಹುಕಾಲ ಅವರ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದವು.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬಲ್ಲಿ ಜನಿಸಿದರು. ಆಳು ಗಿಡ್ಡ, ಮೈ ಕೃಶ. ಆದರೂ ಅವರು ಜೀವಮಾನದಲ್ಲಿ, ಹೆಚ್ಚಾಗಿ ಕುದುರೆಯ ಮೇಲೆ, ಸುಮಾರು 2,50,000 ಮೈಲಿ ಸಂಚರಿಸಿ, 40,000 ಪ್ರಸಂಗಗಳನ್ನು ಮಾಡಿದರೆಂದು ಲೆಕ್ಕ ಹೇಳುವುದುಂಟು.

ಯೌವನದಲ್ಲಿ ಅವರಿಗೆ ಪ್ರತಿ ರಾತ್ರಿ ನಡುವೆ ಎಚ್ಚರವಾಗುತ್ತಿತ್ತು. ಅವಶ್ಯಕ್ಕಿಂತ ಹೆಚ್ಚು ಹೊತ್ತು ಮಲಗುವುದೇ ಇದಕ್ಕೆ ಕಾರಣವೆಂದು ಊಹಿಸಿ, ಎಬ್ಬಿಸುವ ಗಡಿಯಾರವೊಂದನ್ನು ತರಿಸಿದರು. ಮೊದಲನೆಯ ದಿನ ಏಳು ಗಂಟೆಗೆ ಎದ್ದರು. ಆ ರಾತ್ರಿಯೂ ಎಚ್ಚರವಾಯಿತು. ಆರಕ್ಕೆ ಎದ್ದರು, ಐದಕ್ಕೆ ಎದ್ದರು, ಆಗಲೂ ಹಾಗೆಯೇ. ನಾಲ್ಕಕ್ಕೆ ಎದ್ದ ದಿನ ರಾತ್ರಿಯೆಲ್ಲಾ ನಿದ್ರೆ ಹತ್ತಿತು. ಅಂದಿನಿಂದ ಅರುವತ್ತು ವರುಷ ಅದೇ ಗಳಿಗೆಯನ್ನು ಕಾಪಾಡಿದರು. ಐದು ಗಂಟೆಗೆ, ಕೂಲಿಯವರು ಕೆಲಸಕ್ಕೆ ಹೋಗುವ ಮುಂಚೆಯೇ, ಪ್ರಸಂಗಿಸುತ್ತಿದ್ದರು. ಆದರೆ ಅವರು ಬೇಗನೆ ಮಲಗುತ್ತಿದ್ದರೆಂಬುದನ್ನೂ ವಾಚಕರು ಗಮನಿಸಲಿ. ನಡುರಾತ್ರಿಯ ವರೆಗೆ ಹರಟಿ ನಾಲ್ಕಕ್ಕೆ ಏಳುವವನು ವೆಸ್ಲಿಯವರನ್ನು ಅನುಸರಿಸಿದಂತಾಗಲಿಲ್ಲ.

ದಾರಿಯಲ್ಲಿ ಕುದುರೆಯ ಲಗಾಮನ್ನು ಸಡಿಲಬಿಟ್ಟು ಪುಸ್ತಕ ಓದುತ್ತಿದ್ದರು. 1747ರಲ್ಲಿ ಬಡವರಿಗಾಗಿ ವೈದ್ಯಗ್ರಂಥವೊಂದನ್ನು ಪ್ರಕಟಿಸಿ, ಸಾದಾ ಆಹಾರ, ನೀರು, ನಡಿಗೆ, ಬೇಗ ಮಲಗುವುದು ಇವುಗಳನ್ನು ಅದರ ಆರಂಭದಲ್ಲಿ ಉಪದೇಶಿಸಿದರು. ಈ ಉಪದೇಶ ಇಂದಿಗೂ ಒಳ್ಳೆಯದೇ. ಒಳಗಿನ ಔಷಧಗಳ ಮಾತು ಬೇರೆ. ಕರುಳಿನ ಬೇನೆಗೆ ಪಾದರಸ ನುಂಗಿಸುವಂಥವು ಅಪಾಯಕರ, ಯಾರೂ ಮುಟ್ಟಬಾರದು.

ಈ ನೇಮಗಳಿದ್ದರೂ 1753ರಲ್ಲಿ ಅವರು ಬಿದ್ದರು. ಜ್ವರವನ್ನು ಲಕ್ಷಿಸದೆ ಕೆಲಸ ಮುಂದುವರಿಸಿದ್ದರಿಂದ ರೋಗ ಎದೆಗೆ ಇಳಿಯಿತು; ಕ್ಷಯವೆಂದು ಎಲ್ಲರೂ ಭಯಪಟ್ಟರು. ವೆಸ್ಲಿಯವರು ತಮ್ಮ ಸಮಾಧಿಯ ಮೇಲೆ ಕೆತ್ತಬೇಕಾದ ಮಾತುಗಳನ್ನೂ ಬರೆದಿಟ್ಟರು. ಫಾದರ್ಗಿಲ್ ಎಂಬ ವೈದ್ಯರು ಪಟ್ಟಣ ಬಿಟ್ಟು ಹಳ್ಳಿಯ ಗಾಳಿಯಲ್ಲಿ ವಿಶ್ರಮಿಸಬೇಕೆಂದು ಅಪ್ಪಣೆ ಮಾಡಲು, ಅಷ್ಟು ಹಟವಾದಿಯಾದವರು ವಿಧೇಯರಾದರು. ಕೆಲವು ತಿಂಗಳು ಪ್ರಸಂಗವನ್ನು ನಿಲ್ಲಿಸಿದರು. ಆ ಬಿಡುವಿನಲ್ಲಿಯೇ ಹೊಸ ಒಡಂಬಡಿಕೆಗೆ ಟಿಪ್ಪಣಿಗಳನ್ನು ಬರೆಯತೊಡಗಿದರು. ಅವು 1755ರಲ್ಲಿ ಅಚ್ಚಾದವು.

ಎಪ್ಪತ್ತೊಂದನೆಯ ಹುಟ್ಟುಹಬ್ಬದಂದು ತಮ್ಮ ಬಲವನ್ನು ಕುರಿತು ಆಶ್ಚರ್ಯಪಟ್ಟು, ದೇವರ ಚಿತ್ತವನ್ನು ಮೊದಲು ಹೇಳಿ, ಅನಂತರ ನಾಲ್ಕಕ್ಕೆ ಏಳುವುದನ್ನೂ ಮುಂಜಾನೆಯ ಪ್ರಸಂಗವನ್ನೂ ಎಡೆಬಿಡದ ಸಂಚಾರವನ್ನೂ ದಿನಚರಿಯಲ್ಲಿ ಕಾರಣಗಳಾಗಿ ಬರೆದರು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಹೊಗಳಲು ನಮಗೆ ಮನಸ್ಸು ಬಾರದು. 1751ರಲ್ಲಿ ಮೇರಿ ವಜೀಲ್ ಎಂಬ ವಿಧವೆಯನ್ನು ವಿವಾಹವಾದಾಗ, ಮದುವೆಯಾದ ಬೋಧಕನು ಒಂದು ಪ್ರಸಂಗವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಿಮೆ ಮಾಡಲಾಗದೆಂದು ಬರೆದುಕೊಂಡರು. ಆಕೆಯೂ ಕೆಲಕಾಲ ಜೊತೆಯಲ್ಲಿ ತಿರುಗಿ ಬಳಲಿದಳು. ಆಕೆಯ ಕೋಪ ಕಠಿಣವಾದದ್ದೇ. ಆದರೂ ಕುದುರೆಗೆ ದೊರೆತಷ್ಟು ವಿಶ್ರಾಂತಿ ಆ ಮನೆಗೆ ದೊರೆಯಲಿಲ್ಲವೆಂದು ನಮ್ಮ ಅಭಿಪ್ರಾಯ. ಇಬ್ಬರೂ ಅಗಲಿದರು. 1781ರಲ್ಲಿ ಆಕೆ ಮೃತಳಾದಾಗ ವೆಸ್ಲಿಯವರು ಸಂಚಾರದಲ್ಲಿದ್ದರು; ಲಂಡನಿಗೆ ಹಿಂದಿರುಗಿದ ಮೇಲೆಯೇ ಆ ಸುದ್ದಿ ಅವರಿಗೆ ತಿಳಿಯಿತು.

ಮುಪ್ಪಿನಲ್ಲಿ ಕುದುರೆಗೆ ಬದಲಾಗಿ ಗಾಡಿಯಲ್ಲಿ ತಿರುಗಿದರು. 1791ನೆಯ ಫೆಬ್ರವರಿ 23ರಲ್ಲಿ ಲೆದರ್‌ಹೆಡ್ ಎಂಬ ಊರಿನ ಮನೆಯೊಂದರಲ್ಲಿ ಕಡೆಯ ಪ್ರಸಂಗ ಮಾಡಿ, ಲಂಡನಿಗೆ ಬಂದು, ಮಾರ್ಚ್ 2ರಂದು ತಮ್ಮ ಮನೆಯಲ್ಲಿ ಕರ್ತನಲ್ಲಿ ನಿದ್ರೆಹೋದರು. ಆಗ ಅವರಿಗೆ 87 ವರುಷ.