ಸೇತುವೆಯ ಮೇಲೆ ಮಲಗಿದವರೂ ವಿಲ್ಯಮ್ ಬೂತ್‌ರವರೂ

ವಿಲ್ಯಮ್ ಬೂತ್‌ರವರು 1829ನೇ ಇಸವಿಯಲ್ಲಿ ಇಂಗ್ಲೆಂಡ್ ದೇಶದ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. ಹದಿಮೂರನೆಯ ವರುಷದಲ್ಲಿಯೇ ಒತ್ತೆಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಬಡವರ ಸಂಕಟವನ್ನು ಕಣ್ಣಾರೆ ಕಂಡರು. 1865ರಲ್ಲಿ ಲಂಡನ್ ಪಟ್ಟಣದ ಪೂರ್ವಭಾಗದಲ್ಲಿ ಸುವಾರ್ತಾಸೇವೆಯನ್ನು ಆರಂಭಿಸಿದರು. ಅದಕ್ಕೆ 1878ರಲ್ಲಿ ರಕ್ಷಣಾ ಸೈನ್ಯವೆಂದು ಹೆಸರಾಯಿತು. ಇದಕ್ಕೆ ಮುಂಚೆ ಅವರು ಬಡವರಿಗಾಗಿ ತೆರೆದಿದ್ದ ಅಗ್ಗದ ಊಟದ ಅಂಗಡಿಗಳು ಕೆಲವೇ ವರುಷಗಳಲ್ಲಿ ಮುಚ್ಚಿಹೋಗಿದ್ದವು. ಈ ಸೋಲನ್ನು ಮರೆಮಾಡತಕ್ಕದ್ದಲ್ಲ.

1887ರ ಚಳಿಗಾಲದ ಒಂದು ರಾತ್ರಿ ಲಂಡನ್ ಸೇತುವೆಯನ್ನು ದಾಟುವಾಗ, ಮನೆಯಿಲ್ಲದವರು ಚಳಿಯಲ್ಲಿ ಅಲ್ಲಿಯೇ ಮಲಗಿರುವದನ್ನು ಬೂತ್‌ರವರು ಕಂಡರು. ಬೆಳಗಾದೊಡನೆ ಮಗನಾದ ಬ್ರಾಮ್‌ವೆಲ್ಲನನ್ನು ವಿಚಾರಿಸಲು, ಅದು ತನಗೆ ಮೊದಲೇ ತಿಳಿದಿತ್ತೆಂದು ಅವನು ಒಪ್ಪಿಕೊಂಡನು. ತಿಳಿದೂ ಸುಮ್ಮನಿದ್ದುದಕ್ಕಾಗಿ ತಂದೆಯು ಅವನನ್ನು ಗದರಿಸಿ, ಒಂದು ಉಗ್ರಾಣವನ್ನಾದರೂ ಹಿಡಿದು ಅವರಿಗೆ ಬೆಚ್ಚಗಿನ ಆಸರೆಯನ್ನು ಮಾಡಿಕೊಡಬೇಕೆಂದು ಅಪ್ಪಣೆಕೊಟ್ಟರು.

1888ರ ಫೆಬ್ರವರಿಯಲ್ಲಿ ಲೈಮ್‌ಹೌಸ್ ಎಂಬಲ್ಲಿ ಊಟದ ಮನೆ ತೆರೆಯಿತು. ಸೈನ್ಯದವರೇ ನಿಂತು ಬಡಿಸಿದರು. ಒಂದು ಬಟ್ಟಲು ಸಾರಿಗೆ ದೊಡ್ಡವರು ಅರ್ಧ ಪೆನ್ನಿಯನ್ನೂ ಮಕ್ಕಳು ಕಾಲು ಪೆನ್ನಿಯನ್ನೂ ಕೊಡುತ್ತಿದ್ದರು. ಹೀಗೆ ಉಂಡವನು ತಲೆತಗ್ಗಿಸಬೇಕಾಗಿರಲಿಲ್ಲ.

ಪತ್ನಿಯು ಮರಣಶಯ್ಯೆಯಲ್ಲಿದ್ದಾಗಲೇ ಬೂತ್‌ರವರು ಬಡವರ ಉದ್ಧಾರದ ಕುರಿತು ಒಂದು ದೊಡ್ಡ ಪುಸ್ತಕವನ್ನು ಸಿದ್ಧಮಾಡಿ 1890ರಲ್ಲಿ ಪ್ರಕಟಿಸಿದರು. ಲಂಡನಿನ ಬಾಡಿಗೆ ಗಾಡಿಯ ಕುದುರೆಯು ಬಿದ್ದರೆ ಎಬ್ಬಿಸುವವರುಂಟು, ಅದಕ್ಕೆ ಮೇವೂ ಲಾಯವೂ ಕೆಲಸವೂ ಉಂಟು. ಮನುಷ್ಯನಿಗೂ ಅಷ್ಟಾದರೂ ದೊರೆಯಬೇಕೆಂದು ಅದರಲ್ಲಿ ವಾದಿಸಿದರು. ಕಡೆಗಾಲದಲ್ಲಿ ದೃಷ್ಟಿಯನ್ನು ಕಳೆದುಕೊಂಡು, 1912ರ ಆಗಸ್ಟ್ 20ರಲ್ಲಿ ಕರ್ತನಲ್ಲಿ ನಿದ್ರೆಹೋದರು.